ಪೊಲೀಸ್ ಕಾರ್ಯಾಚರಣೆಯ ನಂತರದ ದಿನಗಳು: ಸುಂದರಲಾಲ್ ಸಮಿತಿಯ ವಿಚಾರಣೆಯೂ ನಮ್ಮ ಮೂರು ತಾಲ್ಲೂಕುಗಳೂ

ಉಮರ್ಗಾ, ನಿಲಂಗಾ, ಉದಗೀರ ಈ ಮೂರೂ ಇಂದು ಮಹಾರಾಷ್ಟ್ರದ ತಾಲ್ಲೂಕುಗಳು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಹಳೆಯ ಜಮೀನು ಕಾಗದಗಳಲ್ಲಿ ಉರ್ದು, ಹೀಗೆ ಮೂರು ಭಾಷೆಗಳ ನಡುವೆ ಬಾಳುತ್ತ ಬಂದವರು ನಾವು. 1948ರಲ್ಲಿ ಈ ನೆಲವೆಲ್ಲ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದ್ದರೆ, ನಿಲಂಗಾ ಮತ್ತು ಉದಗೀರ ಬೀದರ್ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಸಂಸ್ಥಾನ ಒಡೆದು ಹಂಚಿಹೋದಾಗ ನಿಲಂಗಾ, ಉದಗೀರಗಳು ಬೀದರಿನಿಂದ ಬೇರ್ಪಟ್ಟು ಉಸ್ಮಾನಾಬಾದಿನೊಡನೆ ಮುಂಬಯಿ ರಾಜ್ಯಕ್ಕೆ ಹೋದವು. 1982ರಲ್ಲಿ ಲಾತೂರು ಜಿಲ್ಲೆಯಾದಾಗ ಈ ಎರಡು ತಾಲ್ಲೂಕುಗಳು ಅದರೊಳಗೆ ಬಂದವು. ಗಡಿಗಳು ಹೀಗೆ ಬದಲಾಗುತ್ತ ಹೋದರೂ 1948ರ ಸೆಪ್ಟೆಂಬರ್ ತಿಂಗಳ ನೆನಪು ಮಾತ್ರ ಊರುಗಳಲ್ಲಿಯೇ ಉಳಿಯಿತು. ಆ ನೆನಪಿನ ಒಂದು ಭಾಗವನ್ನು ನಾವು ಪ್ರತಿವರ್ಷ ಧ್ವಜವೇರಿಸಿ ಸ್ಮರಿಸುತ್ತೇವೆ. ಇನ್ನೊಂದು ಭಾಗವನ್ನು ಕುರಿತು ಒಂದು ವಿಚಾರಣೆ ನಡೆದಿತ್ತೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಈ ಲೇಖನ ಆ ವಿಚಾರಣೆಯನ್ನು ಕುರಿತದ್ದು.

ಮೊದಲಿಗೆ ನಮಗೆಲ್ಲ ತಿಳಿದ ಭಾಗವನ್ನು ಹೇಳಬೇಕು. ಅದನ್ನು ಬಿಟ್ಟು ಮುಂದಿನದನ್ನು ಹೇಳುವುದು ನ್ಯಾಯವಾಗದು. ಲಾತೂರಿನಲ್ಲಿ ವಕೀಲರಾಗಿದ್ದ ಕಾಸೀಂ ರಜ್ವಿಯವರು ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ನಾಯಕತ್ವ ವಹಿಸಿಕೊಂಡ ಮೇಲೆ ರಜಾಕಾರರ ದಳಗಳು ಹಳ್ಳಿಹಳ್ಳಿಗೂ ಹಬ್ಬಿದವು. ಸುಲಿಗೆ, ಮನೆಗೆ ಬೆಂಕಿ, ಕೊಲೆ, ಸ್ತ್ರೀಯರ ಮೇಲಿನ ಅತ್ಯಾಚಾರಗಳು ನಡೆದವು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡದಲ್ಲಿ ಸುಮಾರು 200 ಜನ ಮಡಿದರೆಂದು ಹೇಳಲಾಗುತ್ತದೆ. ಗಡಿಯ ಊರುಗಳ ಎಷ್ಟೋ ಕುಟುಂಬಗಳು ದನಕರು, ಕಾಳುಕಡಿ ಬಿಟ್ಟು ಸೋಲಾಪುರದ ಸೀಮೆಗೆ ಗುಳೆ ಹೋದವು. ರಜಾಕಾರರ ನೀತಿಯನ್ನು ಖಂಡಿಸಿ ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ಅದೇ ವರ್ಷದ ಆಗಸ್ಟಿನಲ್ಲಿ ಹೈದರಾಬಾದು ನಗರದಲ್ಲಿ ಕೊಲ್ಲಲಾಯಿತು. ಅವರು ಮುಸಲ್ಮಾನರು. ರಜಾಕಾರರೆಂದರೆ ಮುಸಲ್ಮಾನರೆಲ್ಲರೂ ಅಲ್ಲವೆಂಬುದಕ್ಕೆ ಅವರ ಬಲಿದಾನವೊಂದೇ ಸಾಕು.

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆಯ ಮುಖ್ಯ ದಳವು ಸೋಲಾಪುರದಿಂದ ಹೈದರಾಬಾದು ರಸ್ತೆಯಲ್ಲಿ ಮುನ್ನಡೆಯಿತು. ಬೋರಿ ನದಿಯ ಸೇತುವೆ ಕೈವಶವಾಯಿತು. ನಳದುರ್ಗದಲ್ಲಿ ಕಾಳಗ ನಡೆಯಿತು. ಜಳಕೋಟವನ್ನು ದಾಟಿ ಅದೇ ದಿನ ಸೇನೆ ಉಮರ್ಗಾವನ್ನು ತಲುಪಿತು. ಐದೇ ದಿನಗಳಲ್ಲಿ, ಅಂದರೆ 17ನೆಯ ತಾರೀಖಿಗೆ, ನಿಜಾಮರು ಶರಣಾದರು. ಮೇಜರ್ ಜನರಲ್ ಜೆ. ಎನ್. ಚೌಧರಿಯವರು ಸಂಸ್ಥಾನದ ಮಿಲಿಟರಿ ಗವರ್ನರ್ ಆದರು. ಈ ಕಾಳಗವನ್ನು ಸರಕಾರವು ಯುದ್ಧವೆಂದು ಕರೆಯಲಿಲ್ಲ, 'ಪೊಲೀಸ್ ಕಾರ್ಯಾಚರಣೆ' ಎಂದು ಕರೆಯಿತು. ಹಳ್ಳಿಗಳಲ್ಲಿ ಹಿರಿಯರು ಈಗಲೂ 'ಪೊಲೀಸ್ ಆಕ್ಷನ್' ಎಂದೇ ಹೇಳುತ್ತಾರೆ. ಆ ಹೆಸರಿಗೆ ಒಂದು ಪರಿಣಾಮವಿದ್ದುದನ್ನು ಮುಂದೆ ನೋಡೋಣ.

ವಿಮೋಚನೆಯ ಹರ್ಷದ ಬೆನ್ನಲ್ಲಿಯೇ ಇನ್ನೊಂದು ಸುದ್ದಿ ದಿಲ್ಲಿಯನ್ನು ಮುಟ್ಟತೊಡಗಿತು. ರಜಾಕಾರರನ್ನು ಹಿಡಿಯುವ ನೆಪದಲ್ಲಿ ರಜಾಕಾರರಲ್ಲದ ಸಾಮಾನ್ಯ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳಲಾಗುತ್ತಿದೆ ಎಂಬುದೇ ಆ ಸುದ್ದಿ. ಪ್ರಧಾನಿ ನೆಹರೂ ಅವರು ನಿಜಸ್ಥಿತಿಯನ್ನು ತಿಳಿಯಲು ಒಂದು ಸದ್ಭಾವನಾ ಸಮಿತಿಯನ್ನು ಕಳುಹಿಸಿದರು. ಅದರ ಮುಖ್ಯಸ್ಥರು ಪಂಡಿತ ಸುಂದರಲಾಲರು. ಇವರು ಗಾಂಧೀಜಿಯವರ ಅನುಯಾಯಿಗಳು, ಬ್ರಿಟಿಷರು ಮುಟ್ಟುಗೋಲು ಹಾಕಿದ 'ಭಾರತ್ ಮೇಂ ಅಂಗ್ರೇಜಿ ರಾಜ್' ಎಂಬ ಹಿಂದಿ ಗ್ರಂಥದ ಕರ್ತೃಗಳು. ಇನ್ನಿಬ್ಬರು ಸದಸ್ಯರೆಂದರೆ ಹೈದರಾಬಾದಿನ 'ಪಯಾಮ್' ಪತ್ರಿಕೆಯ ಸಂಪಾದಕರಾಗಿದ್ದ ಕಾಜಿ ಅಬ್ದುಲ್ ಗಫ್ಫಾರರು ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿಯವರು.

ಸಮಿತಿಯು 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದಲ್ಲಿ ಸಂಚರಿಸಿತು. ಹದಿನಾರು ಜಿಲ್ಲೆಗಳಲ್ಲಿ 9 ಜಿಲ್ಲೆಗಳನ್ನು ಸುತ್ತಿತು. 7 ಜಿಲ್ಲಾ ಕೇಂದ್ರ, 21 ಪಟ್ಟಣ ಮತ್ತು 23 ಮುಖ್ಯ ಹಳ್ಳಿಗಳನ್ನು ಕಣ್ಣಾರೆ ನೋಡಿತು. ತಾವು ಹೋಗಲಾರದ ಇನ್ನೂ 109 ಹಳ್ಳಿಗಳಿಂದ ಬಂದ 500ಕ್ಕೂ ಹೆಚ್ಚು ಜನರ ಮಾತುಗಳನ್ನು ಕೇಳಿತು. 31 ಸಾರ್ವಜನಿಕ ಸಭೆಗಳೂ 27 ಖಾಸಗಿ ಕೂಟಗಳೂ ನಡೆದವು. ಹಿಂದೂಗಳನ್ನು, ಮುಸಲ್ಮಾನರನ್ನು, ಕಾಂಗ್ರೆಸ್ಸಿಗರನ್ನು, ಇತ್ತೆಹಾದಿನವರನ್ನೂ ಮಾತನಾಡಿಸಲಾಯಿತು. ಸಾಕ್ಷಿಗೆ ಸಮನ್ಸು ಕಳಿಸುವ ಅಧಿಕಾರವಾಗಲಿ, ಪ್ರಮಾಣ ಮಾಡಿಸುವ ಅಧಿಕಾರವಾಗಲಿ ಇಲ್ಲದ ಸಮಿತಿಯೊಂದು ಮೂರು ವಾರಗಳಲ್ಲಿ ಇಷ್ಟನ್ನು ಮಾಡಿತೆಂಬುದು ಸಣ್ಣ ಮಾತಲ್ಲ.

ಅದು ಕಂಡುಕೊಂಡ ಸಂಗತಿಗಳು ದಾರುಣವಾದವು. ಕಾರ್ಯಾಚರಣೆಯ ಕಾಲದಲ್ಲಿ ಮತ್ತು ಅದರ ನಂತರ ಸಂಸ್ಥಾನದಲ್ಲಿ ಕಡಿಮೆಯೆಂದರೂ 27,000ದಿಂದ 40,000 ಜನ ಪ್ರಾಣ ಕಳೆದುಕೊಂಡರೆಂದು ಸಮಿತಿ ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳು ನಾಲ್ಕು: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಈ ನಾಲ್ಕರಲ್ಲಿಯೇ ಸತ್ತವರು 18,000ಕ್ಕೆ ಕಡಿಮೆಯಿಲ್ಲ ಎಂದು ವರದಿ ಹೇಳುತ್ತದೆ. ಓದುಗ ಬಂಧುಗಳು ಗಮನಿಸಬೇಕು. ನಮ್ಮ ಮೂರು ತಾಲ್ಲೂಕುಗಳು ಅಂದು ಸೇರಿದ್ದುದು ಈ ನಾಲ್ಕರಲ್ಲಿ ಎರಡು ಜಿಲ್ಲೆಗಳಿಗೆ. ಇಂದು ನಿಲಂಗಾ, ಉದಗೀರಗಳ ಜಿಲ್ಲಾ ಕೇಂದ್ರವಾಗಿರುವ ಲಾತೂರಿನ ವಿಷಯ ಬೇರೆಯಾಗಿಯೇ ಬಂದಿದೆ. ಅಲ್ಲಿ ಕೊಲೆಗಳು 20 ದಿನಗಳಿಗೂ ಮೇಲ್ಪಟ್ಟು ನಡೆದವು. ಸುಮಾರು 10,000ವಿದ್ದ ಮುಸಲ್ಮಾನರಲ್ಲಿ ಸಮಿತಿ ಹೋದಾಗ ಊರಿನಲ್ಲಿ ಉಳಿದವರು 3,000 ಮಾತ್ರ. ಸಾವಿರಕ್ಕೂ ಹೆಚ್ಚು ಮಂದಿ ಹತರಾಗಿದ್ದರು, ಮಿಕ್ಕವರು ಓಡಿಹೋಗಿದ್ದರು.

ಇವುಗಳಲ್ಲಿ ಬಹುಪಾಲು ಗುಂಪುಗಳ ಕೃತ್ಯ. ಸೋಲಾಪುರವೇ ಮೊದಲಾದ ನಗರಗಳಿಂದ ಆಯುಧ ಹಿಡಿದು ಬಂದವರ ಹೆಸರೂ ವರದಿಯಲ್ಲಿದೆ. ಆದರೆ ಎಲ್ಲಕ್ಕಿಂತ ಗಂಭೀರವಾದ ಮಾತು ಸೇನೆಯ ವಶಕ್ಕೆ ಸಿಕ್ಕಿದವರನ್ನು ಕುರಿತದ್ದು. ಹಲವು ಕಡೆ ಸಶಸ್ತ್ರ ಪಡೆಯವರು ಹಳ್ಳಿ ಪಟ್ಟಣಗಳಿಂದ ಪ್ರಾಯದ ಮುಸಲ್ಮಾನ ಗಂಡಸರನ್ನು ಹೊರಗೆ ಕರೆತಂದು ಕೊಂದರೆಂದು ತಮಗೆ ಸಂಪೂರ್ಣ ಮನವರಿಕೆಯಾಗಿದೆ ಎಂದು ಸಮಿತಿ ಬರೆಯಿತು. ಕಾಳಗದಲ್ಲಿ ಎದುರುನಿಂತು ಸಾಯುವುದು ಬೇರೆ. ಆಯುಧ ಕೆಳಗಿಟ್ಟವನು, ಆಯುಧವನ್ನೇ ಹಿಡಿಯದವನು, ಕೈಗೆ ಸಿಕ್ಕಿದ ಮೇಲೆ ಸಾಯುವುದು ಬೇರೆ. ಸೆರೆಸಿಕ್ಕಿದವನ ಪ್ರಾಣವು ಸೆರೆಹಿಡಿದವನ ಹೊಣೆಯೆಂಬುದು ನಮ್ಮ ಹಿರಿಯರು ಶರಣಾಗತ ರಕ್ಷಣೆಯೆಂದು ಕರೆದ ಧರ್ಮವೇ ಆಗಿದೆ.

ಸಮಿತಿಯು ಇಡೀ ಸೇನೆಯನ್ನು ದೂಷಿಸಲಿಲ್ಲ. ಸೇನೆಯ ಒಟ್ಟು ನಡತೆಯನ್ನೂ ಜನರಲ್ ಚೌಧರಿಯವರ ನಿಷ್ಪಕ್ಷಪಾತವನ್ನೂ ಅದು ಮೆಚ್ಚಿ ಬರೆದಿದೆ. ಪ್ರಾಣವನ್ನು ಪಣವಿಟ್ಟು ಮುಸಲ್ಮಾನ ನೆರೆಯವರನ್ನು ಕಾಪಾಡಿದ ಹಿಂದೂಗಳನ್ನೂ ಅದು ಮರೆಯಲಿಲ್ಲ. ಒಂದೇ ಕಸುಬಿನವರಲ್ಲಿ ಈ ಬಾಂಧವ್ಯ ವಿಶೇಷವಾಗಿ ಕಂಡುಬಂತೆಂದು ಹೇಳಿ, ಹಿಂದೂ ನೇಕಾರರು ಮುಸಲ್ಮಾನ ನೇಕಾರರ ರಕ್ಷಣೆಗೆ ನಿಂತುದನ್ನು ದಾಖಲಿಸಿದೆ. ಒಂದೇ ಬಗೆಯ ಮಗ್ಗದ ಮುಂದೆ ಕುಳಿತವರು ಆ ಕಾಲದಲ್ಲಿಯೂ ಒಬ್ಬರನ್ನೊಬ್ಬರು ಬಿಟ್ಟುಕೊಡಲಿಲ್ಲ.

ವರದಿಯ ಗತಿ ಏನಾಯಿತು? ಗೃಹಮಂತ್ರಿ ಸರದಾರ ಪಟೇಲರು ಅದನ್ನು ಒಪ್ಪಲಿಲ್ಲ. ರಜಾಕಾರರ ಕ್ರೌರ್ಯಕ್ಕೆ ಅದರಲ್ಲಿ ತಕ್ಕ ಸ್ಥಾನ ಸಿಕ್ಕಿಲ್ಲ, ಚಿತ್ರ ಒಂದೇ ಕಡೆಗೆ ವಾಲಿದೆ ಎಂಬುದು ಅವರ ಆಕ್ಷೇಪ. ಆ ಆಕ್ಷೇಪದಲ್ಲಿ ವಿಚಾರ ಮಾಡತಕ್ಕ ಅಂಶವಿದೆ. ಗೋರ್ಟಾದ ವಿಧವೆಯ ಅಳಲನ್ನು ಕೇಳದ ಕಿವಿ ಲಾತೂರಿನ ವಿಧವೆಯ ಅಳಲನ್ನು ಪೂರ್ತಿಯಾಗಿ ಕೇಳಿತೆನ್ನಲಾಗದು. ಸಾವಿನ ಸಂಖ್ಯೆಯೂ ಅಂದಾಜೇ ಹೊರತು ಹೆಸರು ಹೆಸರಾಗಿ ಮಾಡಿದ ಎಣಿಕೆಯಲ್ಲ. ಆದರೆ ಒಂದು ವರದಿ ಅಪೂರ್ಣವಾಗಿದ್ದರೆ ಅದನ್ನು ಪೂರ್ಣಗೊಳಿಸುವ ಎರಡನೆಯ ವಿಚಾರಣೆ ನಡೆಯಬೇಕಾಗಿತ್ತು. ಆಪಾದಿತರನ್ನು ಕರೆದು ಕೇಳಬೇಕಾಗಿತ್ತು. ಅದರ ಬದಲು ವರದಿ ಕಪಾಟು ಸೇರಿತು, ದಶಕಗಳ ಕಾಲ ಸರಕಾರ ಅದನ್ನು ಪ್ರಕಟಿಸಲಿಲ್ಲ. ಕೆಲವು ವಿದ್ವಾಂಸರ ಬರಹಗಳಲ್ಲಿ ಅದರ ಭಾಗಗಳು ಆಗಾಗ ಹೊರಬಂದವು. 2013ರಲ್ಲಿ ಎ. ಜಿ. ನೂರಾನಿಯವರ 'ದಿ ಡಿಸ್ಟ್ರಕ್ಷನ್ ಆಫ್ ಹೈದರಾಬಾದ್' ಗ್ರಂಥದಲ್ಲಿ ಅದು ಅಚ್ಚಾಯಿತು. ಅಷ್ಟು ಹೊತ್ತಿಗೆ ಸಾಕ್ಷಿ ಹೇಳಿದವರಲ್ಲಿ ಬಹುಪಾಲು ಜನ ಮಣ್ಣಾಗಿದ್ದರು.

ಇನ್ನೊಂದು ಸಂಗತಿಯನ್ನು ಹೋಲಿಸಿ ನೋಡಬೇಕು. ಕಾಸೀಂ ರಜ್ವಿಯವರನ್ನು ಬಂಧಿಸಲಾಯಿತು. ಅವರ ಮೇಲೆ ಆರೋಪ ಹೊರಿಸಲಾಯಿತು, ನ್ಯಾಯಾಧೀಶರ ಮುಂದೆ ಅವರ ವಿಚಾರಣೆ ನಡೆಯಿತು, ವಕೀಲರು ವಾದಿಸಿದರು. ಶಿಕ್ಷೆ ಅನುಭವಿಸಿ 1957ರಲ್ಲಿ ಬಿಡುಗಡೆಯಾಗಿ ಅವರು ಪಾಕಿಸ್ತಾನಕ್ಕೆ ಹೋದರು. ಹೀಗೆ ನಡೆದದ್ದು ಸರಿ, ಕಾನೂನಿನ ರಾಜ್ಯವೆಂದರೆ ಇದೇ. ಆದರೆ ರಜಾಕಾರರ ಸೇನಾನಿಗೆ ದೊರೆತ ಈ ನ್ಯಾಯ, ಹಳ್ಳಿಯ ಹೊರಗೆ ಸಾಲಾಗಿ ನಿಲ್ಲಿಸಲ್ಪಟ್ಟ ಹೆಸರಿಲ್ಲದ ಬಡವನಿಗೆ ದೊರೆಯಲಿಲ್ಲ. ಅವನು ರಜಾಕಾರನೋ ಅಲ್ಲವೋ ಎಂದು ಕೇಳುವವರೇ ಇರಲಿಲ್ಲ. ದೊಡ್ಡ ಅಪರಾಧಿಗೆ ನ್ಯಾಯಾಲಯ, ಸಣ್ಣವನಿಗೆ ಗುಂಡು ಎಂಬ ಸ್ಥಿತಿ ಬಂದರೆ ಕಾನೂನು ಕೆಳಗಿನವರಿಗೆ ಇಲ್ಲವೆಂದೇ ಅರ್ಥ.

ಅಂದಿನ ಅಂತಾರಾಷ್ಟ್ರೀಯ ಕಾನೂನು ಇಂಥವರ ನೆರವಿಗೆ ಬರುವಂತಿರಲಿಲ್ಲ. 1929ರ ಜಿನೀವಾ ಒಪ್ಪಂದವು ದೇಶ ದೇಶಗಳ ಯುದ್ಧದಲ್ಲಿ ಸೆರೆಯಾದ ಸೈನಿಕರಿಗೆ ಸಂಬಂಧಿಸಿದ್ದು. ದೇಶದೊಳಗಿನ 'ಪೊಲೀಸ್ ಕಾರ್ಯಾಚರಣೆ'ಯಲ್ಲಿ ಹಿಡಿದ ರೈತನಿಗೆ, ನೇಕಾರನಿಗೆ ಅದರಲ್ಲಿ ಜಾಗವಿರಲಿಲ್ಲ. ಹೆಸರಿಗೆ ಪರಿಣಾಮವಿದೆಯೆಂದು ಮೇಲೆ ಹೇಳಿದ್ದು ಇದನ್ನೇ. ವಿಚಿತ್ರವೆಂದರೆ, ಸುಂದರಲಾಲರ ಸಮಿತಿ ನಮ್ಮ ಸೀಮೆಯಲ್ಲಿ ತಿರುಗುತ್ತಿದ್ದ ದಿನಗಳಲ್ಲಿಯೇ, 1948ರ ಡಿಸೆಂಬರ್ 10ರಂದು, ಪ್ಯಾರಿಸಿನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಯಾರನ್ನೂ ಚಿತ್ರಹಿಂಸೆಗೆ ಗುರಿಪಡಿಸಬಾರದೆಂದು ಅದರ ಐದನೆಯ ವಿಧಿ ಸಾರಿತು. ಅದರ ಮೊದಲ ವಿಧಿಯಲ್ಲಿ 'ಎಲ್ಲ ಪುರುಷರು' ಎಂದಿದ್ದುದನ್ನು 'ಎಲ್ಲ ಮಾನವರು' ಎಂದು ಬದಲಿಸುವಂತೆ ಆಗ್ರಹಪಡಿಸಿದವರು ನಮ್ಮ ದೇಶದ ಹಂಸಾ ಮೆಹ್ತಾ ಅವರು. 1949ರ ಆಗಸ್ಟ್ 12ರ ಹೊಸ ಜಿನೀವಾ ಒಪ್ಪಂದಗಳು ಆ ಕೊರತೆಯನ್ನು ತುಂಬಿದವು. ಒಂದೇ ದೇಶದೊಳಗಿನ ಸಂಘರ್ಷದಲ್ಲಿಯೂ ಆಯುಧ ಕೆಳಗಿಟ್ಟವರನ್ನು ಮನುಷ್ಯತ್ವದಿಂದ ಕಾಣಬೇಕೆಂಬುದು ಅವುಗಳ ಮೂರನೆಯ ವಿಧಿ. ಭಾರತವು 1950ರಲ್ಲಿ ಅವುಗಳನ್ನು ಸ್ಥಿರೀಕರಿಸಿತು.

ಇಂದಿನ ಸ್ಥಿತಿ ಉತ್ತಮವಾಗಿದೆ, ಆದರೆ ಪೂರ್ಣವಾಗಿಲ್ಲ. ಡಿ. ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ಬಂಧನದ ನಿಯಮಗಳನ್ನು ಗೊತ್ತುಪಡಿಸಿತು. ಬಂಧನದ ಕ್ಷಣಕ್ಕೆ ಸಾಕ್ಷಿಯ ಸಹಿಯಿರುವ ಬರಹ ಬೇಕು, ಬಂಧುಗಳಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರು ಪರೀಕ್ಷಿಸಬೇಕು. ಶಾಲೆ ನಡೆಸಿದವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಗು ಮಧ್ಯಾಹ್ನ ಕಾಣದಿದ್ದರೆ ಕೇಳುವವರಿರುತ್ತಾರೆ, ಹೆಸರೇ ಬರೆಯದಿದ್ದರೆ ಮಗು ಬಂದಿತ್ತೆಂದು ತೋರಿಸುವುದೇ ಕಷ್ಟ. ಸೆರೆಮನೆಗೂ ಇದೇ ಮಾತು ಸಲ್ಲುತ್ತದೆ. ಸೇನೆಯ ವಿಷಯದಲ್ಲಿ ಮಾತ್ರ ಬಾಗಿಲು ಅರ್ಧ ತೆರೆದಿದೆ. 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯ 19ನೆಯ ಕಲಮಿನಂತೆ, ಸಶಸ್ತ್ರ ಪಡೆಗಳ ಮೇಲೆ ದೂರು ಬಂದರೆ ರಾಷ್ಟ್ರೀಯ ಆಯೋಗವು ಕೇಂದ್ರ ಸರಕಾರದಿಂದ ವರದಿ ಕೇಳಿ ಶಿಫಾರಸು ಮಾಡಬಹುದಷ್ಟೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಆದರೆ ಸ್ಥಿರೀಕರಣ ಇಂದಿಗೂ ಆಗಿಲ್ಲ.

ಇಷ್ಟೆಲ್ಲ ಹೇಳುವುದರಿಂದ ಹಳೆಯ ಗಾಯ ಕೆದಕಿದಂತಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಮುಚ್ಚಿಟ್ಟ ಗಾಯ ಒಳಗೇ ಕೀವು ಕಟ್ಟುತ್ತದೆಂಬುದು ನಮ್ಮ ಉತ್ತರ. ವರದಿ ಬಾರದೆ ಹೋದ ಕಡೆ ವದಂತಿ ಬರುತ್ತದೆ. ಒಂದು ಓಣಿಯಲ್ಲಿ ಸಂಖ್ಯೆ ಬೆಳೆಯುತ್ತ ಹೋಗುತ್ತದೆ, ಇನ್ನೊಂದು ಓಣಿಯಲ್ಲಿ ಏನೂ ನಡೆಯಲೇ ಇಲ್ಲವೆಂಬ ಮಾತು ಬೇರೂರುತ್ತದೆ. ಇಬ್ಬರ ಮಕ್ಕಳೂ ಅರ್ಧ ಇತಿಹಾಸವನ್ನೇ ಹೊತ್ತು ದೊಡ್ಡವರಾಗುತ್ತಾರೆ. ಸೆಪ್ಟೆಂಬರ್ 17ನ್ನು ಮರಾಠವಾಡೆಯಲ್ಲಿ ಮುಕ್ತಿಸಂಗ್ರಾಮ ದಿನವೆಂದೂ ಗಡಿಯಾಚೆಗೆ ಕಲ್ಯಾಣ ಕರ್ನಾಟಕ ಉತ್ಸವ ದಿನವೆಂದೂ ಆಚರಿಸುತ್ತಾರೆ. ಆ ದಿನದ ಗೌರವ ಈ ಮಾತುಗಳಿಂದ ಕುಂದುವುದಿಲ್ಲ. ಸ್ವಾತಂತ್ರ್ಯಕ್ಕಾಗಿ ದುಡಿದವರು ಬಯಸಿದ್ದು ನಿರಪರಾಧಿಯ ರಕ್ತವನ್ನಲ್ಲ.

ಆದುದರಿಂದ ನಮ್ಮ ಸಂಘದ ಕುಟುಂಬಗಳಲ್ಲಿ ಒಂದು ವಿನಂತಿ. ಆ ಕಾಲವನ್ನು ಬಾಲ್ಯದಲ್ಲಿ ಕಂಡವರು ಈಗ ಎಂಬತ್ತು ದಾಟಿದ್ದಾರೆ. ಅವರ ಬಳಿ ಕುಳಿತು ಬರೆದುಕೊಳ್ಳಿರಿ. ಊರಿನ ಹೆಸರು, ತಿಂಗಳು, ಸತ್ತವರ ಹೆಸರು, ಬಚ್ಚಿಟ್ಟು ಕಾಪಾಡಿದವರ ಹೆಸರು, ಎಲ್ಲವನ್ನೂ ಗುರುತಿಸಿರಿ. ಕಣ್ಣಾರೆ ಕಂಡದ್ದು ಯಾವುದು, ಇನ್ನೊಬ್ಬರಿಂದ ಕೇಳಿದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ. ರಜಾಕಾರರ ಕೈಯಲ್ಲಿ ನೊಂದವರನ್ನೂ, ಕಾರ್ಯಾಚರಣೆಯ ನಂತರ ನೊಂದವರನ್ನೂ ಒಂದೇ ಪುಸ್ತಕದಲ್ಲಿ ಬರೆಯಿರಿ. ಕನ್ನಡದ ಮನೆಗೂ ಉರ್ದುವಿನ ಮನೆಗೂ ಮರಾಠಿಯ ಮನೆಗೂ ಹೋಗಿರಿ. ಸುಂದರಲಾಲರು ಮೂರು ವಾರಗಳಲ್ಲಿ ಮುಟ್ಟಲಾರದ ಹಳ್ಳಿಗಳು ನಮಗೆ ಹತ್ತಿರದ ಹಳ್ಳಿಗಳೇ. ಅಲ್ಲಿಯ ಸತ್ತವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಅವನ್ನು ಬರೆದಿಡುವುದು ಈಗ ನಮ್ಮ ಪಾಲಿನ ಕೆಲಸ.