ವೈದ್ಯಗ್ರಂಥಸೂಚಿಯ ಉದಯ

ಫಿಲಡೆಲ್ಫಿಯ ನಗರದ ಪೆನ್ಸಿಲ್ವೇನಿಯ ಆಸ್ಪತ್ರೆಯ ಪುಸ್ತಕಭಂಡಾರವು 1762ರಲ್ಲಿ ಲಂಡನ್ನಿನ ವೈದ್ಯರಾದ ಜಾನ್ ಫಾದರ್ಗಿಲ್ ಅವರು ಕಳುಹಿಸಿದ ಒಂದೇ ಗ್ರಂಥದಿಂದ ಮೊದಲಾಯಿತು. ಅನಂತರದ ನೂರು ವರ್ಷಗಳಲ್ಲಿ ಅಮೆರಿಕದಲ್ಲಿ ಇಂತಹ ಭಂಡಾರಗಳು ಹಲವು ಬೆಳೆದುವು. ಆದರೆ ಗ್ರಂಥಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಚದರಿಹೋಗಿದ್ದ ವಿಷಯಗಳನ್ನು ಹುಡುಕಿ ತೆಗೆಯುವುದು ಬಹು ಕಷ್ಟವಾಗಿದ್ದಿತು.

1860ರಲ್ಲಿ ಜಾನ್ ಷಾ ಬಿಲಿಂಗ್ಸ್ ಎಂಬ ವಿದ್ಯಾರ್ಥಿಯು ಅಪಸ್ಮಾರದ ಶಸ್ತ್ರಚಿಕಿತ್ಸೆಯನ್ನು ಕುರಿತು ಪ್ರಬಂಧವನ್ನು ಬರೆಯುವಾಗ, ಆ ಚಿಕಿತ್ಸೆಯ ಫಲಾಫಲಗಳ ಲೆಕ್ಕವನ್ನು ಕೂಡಿಸಲು ಬಹಳವಾಗಿ ತೊಳಲಬೇಕಾಯಿತು. ಮುಂದೆ ವಾಷಿಂಗ್ಟನ್ನಿನ ಸೈನ್ಯವೈದ್ಯ ಗ್ರಂಥಾಲಯದ ಅಧಿಕಾರಿಗಳಾದಾಗ ಬಿಲಿಂಗ್ಸರು ಈ ಕೊರತೆಯನ್ನು ನೀಗಲು ತೊಡಗಿದರು. 1879ರಲ್ಲಿ ರಾಬರ್ಟ್ ಫ್ಲೆಚರರೊಡನೆ ‘ಇಂಡೆಕ್ಸ್ ಮೆಡಿಕಸ್’ ಎಂಬ ಮಾಸಿಕ ಸೂಚಿಯನ್ನು ಆರಂಭಿಸಿದರು. 1880ರಲ್ಲಿ ‘ಇಂಡೆಕ್ಸ್ ಕ್ಯಾಟಲಾಗ್’ನ ಮೊದಲನೆಯ ಸಂಪುಟವು ಹೊರಟಿತು. ಇದರಲ್ಲಿ ಗ್ರಂಥಗಳಲ್ಲದೆ ಪತ್ರಿಕೆಗಳ ಲೇಖನಗಳೂ ವಿಷಯಶೀರ್ಷಿಕೆಗಳ ಕೆಳಗೆ ಅಡಕವಾದುವು. ಆ ಗ್ರಂಥಾಲಯವೇ 1956ರಲ್ಲಿ ರಾಷ್ಟ್ರೀಯ ವೈದ್ಯಗ್ರಂಥಾಲಯವಾಗಿ, 1960ರಲ್ಲಿ ವಿಷಯಶೀರ್ಷಿಕೆಗಳ ನಿಯತವಾದ ಪಟ್ಟಿಯನ್ನೂ 1996ರಲ್ಲಿ ‘ಪಬ್‌ಮೆಡ್’ ಎಂಬ ಗಣಕಸೂಚಿಯನ್ನೂ ಹೊರತಂದಿತು.

ಶೋಧಕರು ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಶೀರ್ಷಿಕೆಗಳು ಕಾಲಕಾಲಕ್ಕೆ ಬದಲಾಗುತ್ತವೆ. ಇಂದು ‘ಟ್ಯುಬರ್ಕ್ಯುಲೋಸಿಸ್’ ಎಂದು ಕರೆಯುವ ಕ್ಷಯವನ್ನು ಕುರಿತ ಲೇಖನಗಳನ್ನು ಬಿಲಿಂಗ್ಸರ ಸಂಪುಟಗಳಲ್ಲಿ ‘ಥೈಸಿಸ್’ ಎಂಬ ಹೆಸರಿನ ಕೆಳಗೂ ಅರಸಬೇಕು. ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ರಾಜಯಕ್ಷ್ಮವೆಂಬ ಹೆಸರನ್ನು ಅರಸುವಂತೆಯೇ ಇದು. ಒಂದು ಹೆಸರಿನಲ್ಲಿ ಹುಡುಕಿ, ಪೂರ್ವಿಕರು ಏನನ್ನೂ ಬರೆದಿಲ್ಲವೆಂದು ನಿರ್ಣಯಿಸಿದರೆ, ಹಿಂದೆ ಕಂಡ ರೋಗಿಗಳ ಅನುಭವವೆಲ್ಲವೂ ವ್ಯರ್ಥವಾಗುವುದು. ಆದುದರಿಂದ ಮೊದಲು ರೋಗದ ಪೂರ್ವನಾಮಗಳನ್ನು ಗೊತ್ತುಮಾಡಿಕೊಂಡು, ಆಮೇಲೆ ಸೂಚಿಯನ್ನು ತೆರೆಯುವುದು ಲೇಸು.