ಅಜ್ಜಿಯ ಸೊಂಟಕ್ಕೆ ಯಾವ ಸಿಮೆಂಟು?

ಹೋದ ವರ್ಷ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರ್ಕೊಂಡಳು. 'ಕೀಲು ಬದಲಾಯಿಸಿ ಸಿಮೆಂಟ್ ಹಾಕ್ತೀವಿ' ಅಂದರು ಡಾಕ್ಟರು. ಊರಿಂದ ಬಂದಿದ್ದ ಸೋದರಮಾವ ಗಾರೆ ಮೇಸ್ತ್ರಿ. ಮೆಲ್ಲಗೆ ಕೇಳಿದ: 'ಏನ್ಲಾ, ಅದಕ್ಕೆ ಎಷ್ಟು ದಿನ ನೀರು ಹೊಡೀಬೇಕಂತೆ?'

ನಗು ಬಂತು. ಆದರೆ ಇಂಜಿನಿಯರ್ ಆದ ನನಗೂ ಉತ್ತರ ಗೊತ್ತಿರಲಿಲ್ಲ.

ನೀರೇ ಬೇಡವಂತೆ. ಇದು ಸಿಮೆಂಟೇ ಅಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್ಕು. ಎರಡನೇ ಮಹಾಯುದ್ಧದ ವಿಮಾನಗಳ ಕಾಕ್‌ಪಿಟ್ ಮುಚ್ಚಳ, ಕಟ್ಟಿಸಿದ ಹಲ್ಲಿನ ಸೆಟ್ಟಿನ ಕೃತಕ ವಸಡು, ಎಲ್ಲ ಇದರ ದಾಯಾದಿಗಳೇ. ಮ್ಯಾಂಚೆಸ್ಟರಿನ ದಂತವಸ್ತು ತಜ್ಞ ಡೆನಿಸ್ ಸ್ಮಿತ್ ಅವರ ಸಲಹೆಯಂತೆ ಸರ್ಜನ್ ಜಾನ್ ಚಾರ್ನ್ಲಿ 1958ರಲ್ಲಿ ಇದನ್ನು ಸೊಂಟದ ಕೀಲು ಕೂರಿಸಲು ಬಳಸಿದರು.

ಒಂದು ಪೊಟ್ಟಣದಲ್ಲಿ ಪುಡಿ, ಒಂದು ಸೀಸೆಯಲ್ಲಿ ದ್ರವ. ಪುಡಿಯಲ್ಲಿರುವ ಬೆಂಜಾಯಿಲ್ ಪೆರಾಕ್ಸೈಡ್, ದ್ರವದಲ್ಲಿರುವ ವೇಗವರ್ಧಕ ಭೇಟಿಯಾದ ಕೂಡಲೇ ಚಿಕ್ಕ ಅಣುಗಳು ಒಂದರ ಕೈ ಒಂದು ಹಿಡಿದು ಸರಪಳಿಯಾಗ್ತಾ ಹೋಗುತ್ತವೆ. ಮೊದಲು ಗಂಜಿ, ಆಮೇಲೆ ಕಣಕ, ಕಾಲು ಗಂಟೆಯೊಳಗೆ ಕಲ್ಲು. ಗಟ್ಟಿಯಾಗುವಾಗ ಬಿಸಿಯೂ ಏರುತ್ತೆ. ಆಪರೇಷನ್ ಕೋಣೆ ಬೆಚ್ಚಗಿದ್ದರೆ ಇನ್ನೂ ಬೇಗ. ಇದು ಅಂಟೂ ಅಲ್ಲ. ಮೂಳೆಯ ಸಣ್ಣ ತೂತುಗಳಿಗೆ ನುಗ್ಗಿ ಹಿಡಿದುಕೊಳ್ಳುತ್ತೆ, ಬಾಗಿಲ ಚೌಕಟ್ಟಿನ ಸಂದಿಗೆ ಮಾವ ಗಾರೆ ತುಂಬಿದ ಹಾಗೆ.

ಆದರೆ ಕಥೆ ಅಷ್ಟು ಸಲೀಸಲ್ಲ. ಸಿಮೆಂಟು ಗಟ್ಟಿ ನಿಂತಿತು, ಕೈಕೊಟ್ಟಿದ್ದು ಕೀಲಿನ ಬಟ್ಟಲು. ಚಾರ್ನ್ಲಿ ಅದಕ್ಕೆ ಆರಿಸಿದ್ದು ಟೆಫ್ಲಾನ್. ಕೆಲವೇ ವರ್ಷಗಳಲ್ಲಿ ಅದು ಸವೆದು, ಉದುರಿದ ಪುಡಿ ಸುತ್ತಲಿನ ಮಾಂಸವನ್ನೇ ಕೆಡಿಸಿತು. ಅಷ್ಟರಲ್ಲಿ ಸುಮಾರು 300 ಜನರಿಗೆ ಹಾಕಿಯಾಗಿತ್ತು. ನಮ್ಮಲ್ಲಾದರೆ ರಾತ್ರೋರಾತ್ರಿ ರೋಲ್‌ಬ್ಯಾಕ್ ಮಾಡಿ ಮಲಗಬಹುದು. ಅಲ್ಲಿ ರೋಲ್‌ಬ್ಯಾಕ್ ಅಂದರೆ ಇನ್ನೊಮ್ಮೆ ಕತ್ತಿ, ಇನ್ನೊಮ್ಮೆ ನೋವು. ಚಾರ್ನ್ಲಿ ಟೆಫ್ಲಾನ್ ಚೂರನ್ನು ತಮ್ಮ ತೊಡೆಗೇ ಹಾಕಿಕೊಂಡು ಪರೀಕ್ಷಿಸಿದರು. 1962ರ ನವೆಂಬರಿನಲ್ಲಿ ಪಾಲಿಎಥಿಲೀನ್ ಬಟ್ಟಲು ಬಂತು. ಅದು ಬಾಳಿತು.

ನನ್ನ ಕೋಡಿನಲ್ಲಿ ಬಗ್ ಬಂದಾಗ ನಾನು ಮೊದಲು ಹುಡುಕೋದು ಬೇರೆಯವರ ತಪ್ಪನ್ನ. ಆ ತೊಡೆ ನೆನಪಾದರೆ ಈಗ ಸ್ವಲ್ಪ ನಾಚಿಕೆ.

ಆಪರೇಷನ್ ಆದ ಮರುದಿನವೇ ಅಜ್ಜಿ ವಾಕರ್ ಹಿಡಿದು ನಿಂತಳು. ಮಾವ ಕಣ್ಣರಳಿಸಿ ನೋಡಿ ಅಂದ: 'ಒಂದೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಿಬಿಟ್ರಲ್ಲೋ!'