ಆಣೆವಾರಿಯಿಂದ ಎಫ್‌ಐಡಿ ತನಕ: ಬರ ಪರಿಹಾರದ ಹಳೇ ಲೆಕ್ಕ

ಬರ ಪರಿಹಾರದ ರೊಕ್ಕ ಖಾತೆಗೆ ಬಿದ್ದಾಗೆಲ್ಲ ಕಟ್ಟಿ ಮ್ಯಾಲ ಒಂದೇ ಮಾತು: “ಇದೇನ್ ಪರಿಹಾರ್ರಿ, ಬೀಜ-ಗೊಬ್ಬರಕ್ಕೂ ಸಾಲಂಗಿಲ್ಲ.” ಮಾತು ಖರೇ. ಆದ್ರ ಸರ್ಕಾರದ ಕಾಗದದಾಗ ಅದರ ಹೆಸರೇ ‘ಇನ್‌ಪುಟ್ ಸಬ್ಸಿಡಿ’. ಮುಂದಿನ ಬಿತ್ತನೆಗೆ ಒಂದಿಷ್ಟು ಕೈಗಾವಲು, ಅಷ್ಟೇ. ಹೋದ ಪೀಕಿನ ಬೆಲೆ ಕೊಡ್ತೀವಿ ಅಂತ ಆ ನಿಯಮದಾಗ ಎಲ್ಲೂ ಇಲ್ಲ.

1876-78ರ ದೊಡ್ಡ ಬರದ ಹೊತ್ತಿಗೆ ನಮ್ಮ ವಿಜಯಪುರ ಸೀಮೆ ಮುಂಬೈ ಪ್ರಾಂತ್ಯದ ಕಲಾದಗಿ ಜಿಲ್ಲೆಯೊಳಗಿತ್ತು. ಆಗ ಸರ್ಕಾರದ ನೆರವು ಅಂದ್ರ ಕೆರೆ, ರಸ್ತೆ ಕೆಲಸದ ಕೂಲಿ. ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಆ ಕೂಲಿಯನ್ನೂ ದಿನಕ್ಕ ಒಂದು ಪೌಂಡು ಕಾಳು, ಒಂದಾಣೆಗೆ ಇಳಿಸಿದ. ಬರ ಮುಗಿದ ಮ್ಯಾಲ ಎರಡು ಕಾಯ್ದೆ ಬಂದವು: 1883ರದ್ದು ಬಾವಿ, ಒಡ್ಡುಗಳಿಗೆ, 1884ರದ್ದು ಬೀಜ, ಎತ್ತುಗಳಿಗೆ. ಹಿರಿಯರು ‘ತಗಾವಿ’ ಅಂತಿದ್ದದ್ದು ಇದನ್ನೇ. ಅದು ಸಾಲ. ತಿರುಗಿ ಕಟ್ಟಬೇಕಿತ್ತು.

ಇನ್ನೊಂದು ದಾರಿ ಕಂದಾಯದ ವಿನಾಯಿತಿ. ಅದಕ್ಕ ಬೇಕಾದದ್ದು ಆಣೆವಾರಿ. ಪೂರ್ತಿ ಪೀಕು ಹದಿನಾರಾಣೆ. ನಾಲ್ಕಾಣೆಗಿಂತ ಕಡಿಮೆ ಬಂದ್ರ ಆ ವರ್ಷ ಕಂದಾಯ ಕಟ್ಟಾಂಗಿಲ್ಲ. 1918ರಾಗ ಗುಜರಾತಿನ ಖೇಡಾದಾಗ (ಅದೂ ಆಗ ಮುಂಬೈ ಪ್ರಾಂತ್ಯವೇ) ಗಾಂಧೀಜಿ ಸತ್ಯಾಗ್ರಹ ಮಾಡಿದ್ದು ಇದೇ ಅಳತೆ ಮ್ಯಾಲ. ರೈತರು ನಾಲ್ಕಾಣೆನೂ ಇಲ್ಲ ಅಂದ್ರು, ಅಧಿಕಾರಿಗಳು ಹೆಚ್ಚೈತಿ ಅಂದ್ರು. ಕಡೀಕ ಬಡವರ ಕಂದಾಯ ಮುಂದೂಡಿ, ಉಳ್ಳವರು ಕಟ್ಟೋದು ಅಂತ ರಾಜಿ ಆತು. ಹೊಲದಾಗಿನ ಪೀಕು ಒಂದೇ, ಅಳೆಯೋರು ಇಬ್ಬರು. ಇವತ್ತಿನ ಪಂಚನಾಮೆ ಜಗಳಕ್ಕೂ ಅದಕ್ಕೂ ನನಗಂತೂ ಫರಕು ಕಾಣಾಂಗಿಲ್ಲ.

ಈಗ ಆಣೆ ಹೋಗಿ ಶೇಕಡಾ ಬಂದೈತಿ. 2015ರ ತನಕ ಅರ್ಧ ಪೀಕು ಹೋದ್ರ ಮಾತ್ರ ಪರಿಹಾರ. ಆ ವರ್ಷದಿಂದ ಶೇ. 33 ಹೋದ್ರೂ ಸಾಕು. ಹಳೇ ಲೆಕ್ಕದಾಗ ಸುಮಾರು ಐದಾಣೆ ನಷ್ಟ. ಬಾಗಿಲು ಅಗಲ ಆತು ಖರೇ, ಕೈಗೆ ಬರೋದು ಮಾತ್ರ ಸಣ್ಣದು. 2022ರಿಂದ ಕೇಂದ್ರದ ದರ ಖುಷ್ಕಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000. ಅಂದ್ರ ಖುಷ್ಕಿ ಎಕರೆಗೆ ಸುಮಾರು 3,400, ಅದೂ ಎರಡು ಹೆಕ್ಟೇರಿನ ತನಕ. ಆ ದರವೇನು ಕಲ್ಲಿನ ಮ್ಯಾಲ ಕೆತ್ತಿದ್ದಲ್ಲ. 2021ರ ಮಳೆಹಾನಿಗೆ ರಾಜ್ಯ ಸರ್ಕಾರ ತನ್ನ ರೊಕ್ಕ ಸೇರಿಸಿ ಖುಷ್ಕಿಗೆ 13,600 ಕೊಟ್ಟಿತ್ತು.

2023ರ ಬರ ಎಲ್ಲರಿಗೂ ನೆನಪೈತಿ. 223 ತಾಲೂಕು ಬರಪೀಡಿತ ಅಂತ ಘೋಷಣೆ ಆದವು. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿಗೆ ಹೋದ ಮ್ಯಾಲ, 2024ರ ಏಪ್ರಿಲ್ ಕೊನೆಗೆ ಕೇಂದ್ರದಿಂದ ಬಂದದ್ದು ಸುಮಾರು 3,454 ಕೋಟಿ. ಅಷ್ಟೊತ್ತಿಗೆ ಹಿಂಗಾರಿ ರಾಶಿ ಕಾಲನೂ ಮುಗಿದಿತ್ತು.

ಈ ಎಲ್ಲಾ ಲೆಕ್ಕದಿಂದ ಹೊರಗ ಉಳಿದವರು ಲಾವಣಿ ಹಾಕಿಕೊಂಡು ಉಳೋರು. ಪರಿಹಾರ ಹೋಗೋದು ಎಫ್‌ಐಡಿಗೆ, ಎಫ್‌ಐಡಿ ನಿಂತಿರೋದು ಪಹಣಿ ಮ್ಯಾಲ. ಬಿತ್ತಿದವನ ಬೀಜ ಹೋಗತೈತಿ, ರೊಕ್ಕ ಊರು ಬಿಟ್ಟು ಹೋದ ಮಾಲಕನ ಖಾತೆಗೆ ಬೀಳತೈತಿ. ಬೀಜ-ಗೊಬ್ಬರದ ಸಹಾಯ ಅಂತ ಹೆಸರಿಟ್ಟ ಮ್ಯಾಲ ಬಿತ್ತಿದವನಿಗೆ ಸಿಗಬೇಕಲ್ರಿ? ನಿಮ್ಮೂರಾಗ ಲಾವಣಿ ಮಾತಾಡುವಾಗ ಪರಿಹಾರದ ರೊಕ್ಕ ಯಾರಿಗಂತ ಮೊದಲೇ ಬರೆಸಿಕೊಂಡವರಿದ್ರ, ಹೆಂಗ ಬರೆಸಿದ್ರಿ ಅಂತ ತಿಳಿಸ್ರಿ.